ದೇಶವ್ರತವೂ ಅಂಗೈಯ ಯಂತ್ರವೂ

ಶ್ರಾವಕನ ಹನ್ನೆರಡು ವ್ರತಗಳನ್ನು ಕುರಿತು ನಮ್ಮ ಪ್ರವಚನಗಳಲ್ಲಿ ಸಾಕಷ್ಟು ಕೇಳಿಬರುತ್ತದೆ. ಆದರೆ ಅವುಗಳಲ್ಲಿ ದೇಶವ್ರತದ ಪ್ರಸ್ತಾಪ ಬರುವುದು ತೀರ ಅಪರೂಪ. ದಿಗ್ವ್ರತದಲ್ಲಿ ಜೀವಮಾನಕ್ಕೆಂದು ಹಾಕಿಕೊಂಡ ಎಲ್ಲೆಯನ್ನು ಒಂದು ದಿನಕ್ಕೋ, ಒಂದು ಪಕ್ಷಕ್ಕೋ, ಒಂದು ತಿಂಗಳಿಗೋ ಇನ್ನಷ್ಟು ಕಿರಿದುಗೊಳಿಸಿ, ‘ಇಂದು ಈ ಬೀದಿಯಿಂದಾಚೆಗೆ ನನ್ನ ವ್ಯವಹಾರವಿಲ್ಲ’ ಎಂದು ನಿಶ್ಚಯಿಸುವುದು ಆ ವ್ರತದ ಸ್ವರೂಪ. ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಅದು ಗುಣವ್ರತವಾಗಿ ಗಣಿತವಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳ ಸಾಲಿಗೆ ಬಂದಿದೆ. ಎತ್ತಿನ ಗಾಡಿಯ ಕಾಲಕ್ಕೆ ಸಲ್ಲುವ ವ್ರತವಿದು, ಇಂದಿನವರಿಗೆ ಇದರಿಂದ ಏನಾಗಬೇಕು ಎಂದು ನಾನೂ ಬಹುಕಾಲ ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ಯಾವ ವ್ಯಾಖ್ಯಾನಗ್ರಂಥವೂ ಅಲ್ಲ, ಒಂದು ದೂರವಾಣಿ.

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬಸದಿಗಳೂ ಮುಚ್ಚಿದವು. ಪ್ರವಚನಗಳು ತೆರೆಯ ಮೇಲೆ ಬರತೊಡಗಿದವು. ಅದುವರೆಗೆ ಗುಂಡಿಗಳಿದ್ದ ಸಣ್ಣ ಫೋನಿನಲ್ಲಿಯೇ ತೃಪ್ತರಾಗಿದ್ದ ನನ್ನಂತಹ ಅನೇಕ ಹಿರಿಯರ ಕೈಗೆ ಮಕ್ಕಳು ಮೊದಲ ಸ್ಮಾರ್ಟ್‌ಫೋನನ್ನು ಕೊಟ್ಟದ್ದು ಆ ದಿನಗಳಲ್ಲಿಯೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಅಂತರ್ಜಾಲದ ಬೆಲೆ ಕುಸಿದು ಯುವಕರ ಕೈಗೆ ಈ ಯಂತ್ರ ಆಗಲೇ ಬಂದಿತ್ತು. ನಾವು ತಡವಾಗಿ ಬಂದವರು, ಅದೂ ಧರ್ಮಶ್ರವಣದ ನೆಪದಿಂದ ಬಂದವರು. ಆದುದರಿಂದ ನಮಗೆ ಅನುಮಾನವೇ ಹುಟ್ಟಲಿಲ್ಲ.

ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಎಲ್ಲೆಯೊಳಗೆ ಕುಳಿತವನು ಹೊರಗಿನಿಂದ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಸೇವಕನನ್ನು ಕಳುಹಿಸಿ ಕಾರ್ಯ ಸಾಧಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ಕೂಗಿಯೋ ಹೊರಗಿನವರ ಗಮನ ಸೆಳೆಯುವುದು ಶಬ್ದಾನುಪಾತ. ಮಾತನಾಡದೆ ತನ್ನ ರೂಪವನ್ನು ಕಾಣಿಸಿ ಸೂಚನೆ ಕೊಡುವುದು ರೂಪಾನುಪಾತ. ಕಲ್ಲುಹರಳನ್ನೆಸೆದು ಸಂಜ್ಞೆ ಮಾಡುವುದು ಪುದ್ಗಲಕ್ಷೇಪ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಇವುಗಳನ್ನು ಬಾಯಿಪಾಠ ಮಾಡುವಾಗ ನಾವು ನಕ್ಕದ್ದುಂಟು. ಗೋಡೆಯಾಚೆಗೆ ಕಲ್ಲೆಸೆಯುವ ವ್ರತಿಕನ ಚಿತ್ರ ಯಾವ ಹುಡುಗನಿಗೆ ತಾನೇ ನಗು ತರಿಸದು?

ಈಗ ಅದೇ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ನಗು ಬರುವುದಿಲ್ಲ. ಚತುರ್ದಶಿಯ ದಿನ ಮನೆಯಿಂದ ಹೊರಗೆ ಕಾಲಿಡುವುದಿಲ್ಲವೆಂದು ನಿಯಮ ಮಾಡಿ ಕುಳಿತ ಗೃಹಸ್ಥನು, ಕುಳಿತ ಮಣೆಯಿಂದಲೇ ಸಾಮಾನು ತರಿಸುತ್ತಾನೆ. ಅವನ ಪ್ರೇಷ್ಯನು ಅವನಿಗೆ ಮುಖಪರಿಚಯವೂ ಇಲ್ಲದ ಯಾರೋ ಒಬ್ಬ ಹುಡುಗ, ಬಿಸಿಲಲ್ಲಿ ದ್ವಿಚಕ್ರ ವಾಹನದ ಮೇಲೆ ಓಡುತ್ತಿರುವವನು. ಕರೆ ಮಾಡಿದರೆ ಶಬ್ದಾನುಪಾತ, ಮುಖ ತೋರಿಸಿ ಮಾತಾಡಿದರೆ ರೂಪಾನುಪಾತ. ಇನ್ನು ಬೆರಳ ತುದಿಯಿಂದ ಎಸೆಯುವ ಸಣ್ಣ ಚಿತ್ರಗಳು, ಹೆಬ್ಬೆರಳ ಗುರುತು, ಜೋಡಿಸಿದ ಕೈಗಳ ಗುರುತು, ಇವು ಕಲ್ಲುಹರಳಲ್ಲದೆ ಮತ್ತೇನು? ಐದೂ ಅತಿಚಾರಗಳನ್ನು ಒಂದೇ ವಸ್ತುವಿನಲ್ಲಿ, ಒಂದೇ ಗಳಿಗೆಯಲ್ಲಿ ಎಸಗುವ ಸಾಧನವೊಂದು ಬರುವುದೆಂದು ಪೂರ್ವಾಚಾರ್ಯರು ಊಹಿಸಿದ್ದರೆಂದು ನಾನು ಹೇಳುತ್ತಿಲ್ಲ. ಅಂತಹ ವಾದಗಳನ್ನು ಕೇಳಿದಾಗ ನನಗೆ ಮುಜುಗರವೇ ಆಗುತ್ತದೆ. ಅವರು ಬಲ್ಲವರಾಗಿದ್ದುದು ಯಂತ್ರವನ್ನಲ್ಲ, ಮನಸ್ಸನ್ನು. ಕಾಲನ್ನು ಕಟ್ಟಿಹಾಕಿದರೂ ಮನಸ್ಸು ಯಾವ ಯಾವ ಕಿಂಡಿಯಿಂದ ಹೊರಗೆ ಇಣುಕುತ್ತದೆ ಎಂಬುದನ್ನು ಅವರು ಲೆಕ್ಕಹಾಕಿ ಇಟ್ಟಿದ್ದರು. ಈ ಯಂತ್ರವು ಆ ಕಿಂಡಿಗಳನ್ನೆಲ್ಲ ಒಟ್ಟುಗೂಡಿಸಿ ಹೆಬ್ಬಾಗಿಲನ್ನಾಗಿ ಮಾಡಿದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಫೋನು ಕೇವಲ ಉಪಕರಣ, ಕತ್ತಿಯಂತೆ. ಬಳಸುವವನ ಭಾವವೇ ಮುಖ್ಯ ಎಂದು ನಮ್ಮ ವಿದ್ವಾಂಸರೂ ಹೇಳುವುದುಂಟು. ಭಾವಪ್ರಧಾನವಾದ ನಮ್ಮ ಧರ್ಮದಲ್ಲಿ ಈ ಮಾತು ಬೇಗನೆ ಒಪ್ಪಿಗೆಯಾಗುತ್ತದೆ. ಆದರೆ ಕತ್ತಿಯು ಒರೆಯಲ್ಲಿದ್ದಾಗ ತನ್ನನ್ನು ಎತ್ತಿಕೊಳ್ಳೆಂದು ಕರೆಯುವುದಿಲ್ಲ. ಈ ಉಪಕರಣವು ಕರೆಯುವಂತೆ ರಚಿತವಾದುದು. ದಿನಪತ್ರಿಕೆಗೆ ಕೊನೆಯ ಪುಟವಿದೆ, ಶಾಸ್ತ್ರಗ್ರಂಥಕ್ಕೆ ಅಧ್ಯಾಯದ ಮುಕ್ತಾಯವಿದೆ. ಓದುವವನು ಅಲ್ಲಿ ನಿಂತು, ಮುಂದುವರಿಯಬೇಕೇ ಬೇಡವೇ ಎಂದು ಕ್ಷಣಕಾಲ ಯೋಚಿಸುತ್ತಾನೆ. ತೆರೆಯ ಮೇಲಿನ ಪುಟಕ್ಕೆ ಕೊನೆಯೆಂಬುದಿಲ್ಲ. ಹೀಗೆ ಮುಗಿಯದೆ ಸರಿಯುತ್ತಲೇ ಇರುವ ಪುಟದ ವಿನ್ಯಾಸವನ್ನು 2006ರ ಸುಮಾರಿಗೆ ರೂಪಿಸಿದ ಅಜಾ ರಸ್ಕಿನ್ ಎಂಬ ವಿನ್ಯಾಸಕಾರರು ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಎಲ್ಲೆಯನ್ನು ಅಳಿಸುವುದೇ ಉದ್ದೇಶವಾಗಿರುವ ವಸ್ತುವನ್ನು, ಎಲ್ಲೆ ಹಾಕಿಕೊಳ್ಳುವುದೇ ಧರ್ಮವಾಗಿರುವ ಶ್ರಾವಕನು ಕೇವಲ ಉಪಕರಣವೆಂದು ಕರೆದು ಸುಮ್ಮನಾಗಲಾಗದು.

ಉಪಕಾರಗಳಿಲ್ಲವೆಂದಲ್ಲ. ರಾತ್ರಿಭೋಜನ ತ್ಯಾಗವುಳ್ಳ ಮನೆಗಳಿಗೆ ಸೂರ್ಯಾಸ್ತದ ಸಮಯ ಮುಖ್ಯ. ಅಚ್ಚಾದ ಪಂಚಾಂಗವು ಒಂದು ಊರಿಗೆ ಗಣಿಸಿದ ವೇಳೆಯನ್ನು ಕೊಡುತ್ತದೆ. ರೇಖಾಂಶದ ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಬೆಂಗಳೂರಿಗೂ ಬೆಳಗಾವಿಗೂ ಸುಮಾರು 12 ನಿಮಿಷಗಳ ಅಂತರ ಬರುತ್ತದೆ. ಈ ಯಂತ್ರವು ನಿಂತ ನೆಲದ ಸೂರ್ಯಾಸ್ತವನ್ನೇ ಹೇಳುತ್ತದೆ. ಪ್ರಯಾಣದಲ್ಲಿರುವವರಿಗೆ ಇದು ಸಣ್ಣ ಉಪಕಾರವಲ್ಲ. ದೂರದೇಶದಲ್ಲಿರುವ ಮಕ್ಕಳು ಅಷ್ಟಾಹ್ನಿಕದ ಪೂಜೆಯನ್ನು ಕಾಣುತ್ತಾರೆ, ಓಲೆಗರಿಯ ಗ್ರಂಥಗಳ ಛಾಯಾಚಿತ್ರಗಳನ್ನು ಸಂಶೋಧಕರು ಕುಳಿತಲ್ಲೇ ಓದುತ್ತಾರೆ. ಇವೆಲ್ಲ ನಿಜ.

ಇನ್ನು ಪರಿಗ್ರಹದ ಮಾತು. ಈ ಒಂದು ವಸ್ತು ಬಂದ ಮೇಲೆ ನಮ್ಮ ಮನೆಯಲ್ಲಿ ಗಡಿಯಾರ, ರೇಡಿಯೋ, ಕ್ಯಾಮರಾ, ಕೈದೀಪ, ವಿಳಾಸದ ಪುಸ್ತಕ ಇವೆಲ್ಲ ಮೂಲೆಗೆ ಸೇರಿದವು. ವಸ್ತುಸಂಖ್ಯೆಯ ನಿಯಮದ ಪ್ರಕಾರ ಪರಿಗ್ರಹ ಕಡಿಮೆಯಾಯಿತೆಂದು ನಾನು ಹೆಮ್ಮೆಪಟ್ಟೆ. ಆದರೆ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಲಕ್ಷಣೀಕರಿಸುವಾಗ ವಸ್ತುಗಳನ್ನು ಎಣಿಸಲಿಲ್ಲ, ಮೂರ್ಛೆಯನ್ನು ಹೇಳಿದರು. ಒಂದು ದಿನ ಬಸ್ಸು ಏರಿದ ಮೇಲೆ ಫೋನು ಮನೆಯಲ್ಲಿಯೇ ಉಳಿಯಿತೆಂದು ತಿಳಿದಾಗ ನನ್ನ ಎದೆ ಬಡಿದುಕೊಂಡ ರೀತಿಯನ್ನು ನೆನೆದರೆ, ಆ ಐದು ವಸ್ತುಗಳ ಮೇಲೆ ಒಟ್ಟಾರೆ ನನಗಿದ್ದ ಮೋಹಕ್ಕಿಂತ ಈ ಒಂದರ ಮೇಲಿನದು ಎಷ್ಟೋ ಹೆಚ್ಚೆಂದು ಒಪ್ಪಬೇಕಾಗುತ್ತದೆ.

ಸಾಮಾಯಿಕದ ವಿಷಯದಲ್ಲಿ ನಾನು ಮಾಡಿಕೊಂಡ ತಪ್ಪು ಹೆಚ್ಚು ಗಂಭೀರವಾದುದು. ಒಂದು ಮುಹೂರ್ತವೆಂದರೆ 48 ನಿಮಿಷ. ಹಿಂದೆ ಗೋಡೆಯ ಗಡಿಯಾರವನ್ನು ನೋಡಿ ಕುಳಿತು, ಅಂದಾಜಿನಲ್ಲಿ ಏಳುತ್ತಿದ್ದೆ. ಹೆಚ್ಚುಕಡಿಮೆಯಾಗುತ್ತಿತ್ತು. ಫೋನಿನಲ್ಲಿ 48 ನಿಮಿಷಗಳಿಗೆ ಗಂಟೆ ಇಟ್ಟುಕೊಂಡ ಮೇಲೆ ಕಾಲಪ್ರಮಾಣ ನಿಖರವಾಯಿತು. ಆದರೆ ಗಂಟೆ ಬಾರಿಸುವ ಅದೇ ವಸ್ತು ಆಸನದ ಪಕ್ಕದಲ್ಲಿ ಮಗುಚಿ ಮಲಗಿ, ಆಗಾಗ ಸಣ್ಣಗೆ ನಡುಗುತ್ತಿತ್ತು. ಯಾರ ಸಂದೇಶವಿರಬಹುದೆಂಬ ವಿಚಾರ ಬಂದೇ ಬರುತ್ತಿತ್ತು. ಮನೋದುಷ್ಪ್ರಣಿಧಾನವೆಂಬ ಅತಿಚಾರವನ್ನು ನಾನೇ ಹಣ ಕೊಟ್ಟು ಕೊಂಡು ತಂದು ಬಲಗಡೆ ಇರಿಸಿಕೊಂಡಂತಾಗಿತ್ತು. ಎಷ್ಟು ಹೊತ್ತು ತೆರೆಯನ್ನು ನೋಡಿದೆವೆಂದು ತಿಳಿಸುವ ಲೆಕ್ಕವೊಂದು 2018ರಿಂದ ಈ ಫೋನುಗಳಲ್ಲಿಯೇ ಬರತೊಡಗಿದೆ. ಮೊಮ್ಮಗಳು ಅದನ್ನು ತೆರೆದು ತೋರಿಸಿದ ದಿನ ನನ್ನದು 3 ಗಂಟೆ 36 ನಿಮಿಷ ಇತ್ತು. ಕೂಡಿ ಭಾಗಿಸಿ ನೋಡಿದರೆ ನಾಲ್ಕೂವರೆ ಮುಹೂರ್ತ. ಆ ದಿನ ಬೆಳಿಗ್ಗೆ ಮೊಣಕಾಲು ನೋವೆಂದು ಸಾಮಾಯಿಕವನ್ನು ಅರ್ಧಕ್ಕೇ ಮುಗಿಸಿದ್ದೆ.

ಯುವಕರನ್ನು ಗದರಿಸುವ ಉಪದೇಶಗಳಲ್ಲಿ ನನಗೆ ಆಸಕ್ತಿಯಿಲ್ಲದಿರುವುದಕ್ಕೆ ಇದೇ ಕಾರಣ. ನಮ್ಮ ಸಭೆಗಳಲ್ಲಿ ವೇದಿಕೆಯಿಂದ ಮಕ್ಕಳ ಫೋನಿನ ಚಟವನ್ನು ಖಂಡಿಸಿದವರು ಕೆಳಗಿಳಿದು ಕುಳಿತೊಡನೆ ಜೇಬಿಗೆ ಕೈ ಹಾಕುತ್ತಾರೆ. ಬಂದ ಸಂದೇಶವನ್ನು ಪರೀಕ್ಷಿಸದೆ ಮುಂದಕ್ಕೆ ತಳ್ಳುವ ಅಭ್ಯಾಸವು ಹಿರಿಯರಲ್ಲಿಯೇ ಹೆಚ್ಚೆಂಬುದು ನನ್ನ ಅನುಭವ. ಇದನ್ನು ಸಣ್ಣ ದೋಷವೆಂದು ತಿಳಿಯಬಾರದು. 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿ, ಜನರ ಗುಂಪು ನಿರಪರಾಧಿಯಾದ ಒಬ್ಬ ತರುಣನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕಿತು. ಅನರ್ಥದಂಡ ವಿರತಿಯ ಪಾಠದಲ್ಲಿ ದುಃಶ್ರುತಿ, ಮೌಖರ್ಯ, ಅಸಮೀಕ್ಷ್ಯಾಧಿಕರಣ ಎಂಬ ಪದಗಳನ್ನು ಓದಿದವರು ನಾವು. ವಿಚಾರಿಸದೆ ಮಾಡುವ ನಿಷ್ಪ್ರಯೋಜಕ ಕಾರ್ಯವೇ ಹಿಂಸೆಗೆ ದಾರಿಯೆಂದು ಬಲ್ಲವರು ನಾವು. ಆದರೂ ನಮಗೆ ಪರಿಮಾಣವನ್ನು ಹಾಕಿಕೊಟ್ಟದ್ದು ಪರದೇಶದ ಒಂದು ವ್ಯಾಪಾರಿ ಸಂಸ್ಥೆ!

ಟ್ರಸ್ಟುಗಳ ವಿಷಯಕ್ಕೆ ಬಂದರೆ, ಮುಚ್ಚುಮರೆಯಿಲ್ಲದೆ ಹೇಳಬೇಕಾದ ಒಂದೆರಡು ಮಾತುಗಳಿವೆ. ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಫೋನಿನಿಂದ ಹಣ ಕೊಡುವ ಚೌಕದ ಗುರುತನ್ನು ಅಂಟಿಸಿರುವುದು ಲೆಕ್ಕಪತ್ರಕ್ಕೆ ಒಳ್ಳೆಯದೇ. ಆದರೆ ಆ ದಾರಿಯಲ್ಲಿ ಬಂದ ದಾನದ ಜೊತೆಗೆ ದಾನಿಯ ಹೆಸರೂ ಬರುತ್ತದೆ. ಗುಪ್ತದಾನ ಮಾಡಬಯಸುವವನಿಗೆ ಡಬ್ಬಿ ಉಳಿಯಲೇಬೇಕು. ಅಭಿಷೇಕದ ವೇಳೆ ಹತ್ತಾರು ಕೈಗಳು ಫೋನನ್ನು ಎತ್ತಿ ಹಿಡಿದಾಗ ಹಿಂದೆ ಕುಳಿತ ವೃದ್ಧರಿಗೆ ಜಿನಬಿಂಬ ಕಾಣುವುದಿಲ್ಲ, ಎತ್ತಿ ಹಿಡಿದವರಿಗೂ ಕಾಣುವುದು ಅಂಗೈಯಗಲದ ಚಿತ್ರವೇ. ಟ್ರಸ್ಟಿನ ವತಿಯಿಂದ ಒಬ್ಬರೇ ಚಿತ್ರೀಕರಿಸಿ ಬೇಕಾದವರಿಗೆ ಕೊಡುವ ಏರ್ಪಾಟು ಕಷ್ಟವಾದುದಲ್ಲ.

ಕ್ಷಮಾವಣಿಯ ಸಂಗತಿ ಮಾತ್ರ ನನ್ನನ್ನು ಇಂದಿಗೂ ಬಾಧಿಸುತ್ತಿದೆ. ದಶಲಕ್ಷಣ ಪರ್ವ ಮುಗಿದ ಮೇಲೆ ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಯಾಚಿಸುವುದು, ದೂರದವರಿಗೆ ಕಾರ್ಡು ಬರೆಯುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಕಾರ್ಡಿಗೆ ಜಾಗ ಕಡಿಮೆ. ಆದರೂ ಒಂದೊಂದರ ಮೇಲೆ ಹೆಸರು ಬರೆಯುವಾಗ ಆ ವ್ಯಕ್ತಿಯ ಮುಖ, ಅವನೊಂದಿಗೆ ಆ ವರ್ಷ ನಡೆದ ಮಾತು ಕಣ್ಣಮುಂದೆ ಬಂದೇ ಬರುತ್ತಿತ್ತು. ಫೋನು ಬಂದ ವರ್ಷ, ಮುಗಿದ ಕೈಗಳ ಮೇಲೆ ‘ಉತ್ತಮ ಕ್ಷಮಾ’ ಎಂದು ಬರೆದ ಒಂದು ಸುಂದರ ಚಿತ್ರ ಎಲ್ಲಿಂದಲೋ ನನಗೆ ಬಂತು. ಅದನ್ನೇ ನಾನು ಎಲ್ಲರಿಗೂ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನನ್ನೊಂದಿಗೆ ಜಮೀನಿನ ಬದುವಿನ ವಿಷಯದಲ್ಲಿ ಮಾತು ಬಿಟ್ಟಿದ್ದ ದಾಯಾದಿಯೊಬ್ಬರಿಗೂ ಅದು ಹೋಯಿತು. ಅವರಿಂದ ಮರುಕ್ಷಣವೇ ಬೇರೊಂದು ಚಿತ್ರ ಬಂತು, ಅದೂ ಸುಂದರವಾಗಿತ್ತು. ನಾನು ನೆಮ್ಮದಿಪಟ್ಟೆ. ನಾಲ್ಕು ದಿನಗಳ ಬಳಿಕ ಬಸದಿಯ ಪ್ರದಕ್ಷಿಣಾಪಥದಲ್ಲಿ ಇಬ್ಬರೂ ಎದುರಾದೆವು. ಅವರು ಕಂಬದ ಕಡೆಗೆ ಮುಖ ತಿರುಗಿಸಿದರು, ನಾನು ನೆಲ ನೋಡಿದೆ. ಆಗ ನನಗೆ ಹೊಳೆಯಿತು: ನಾನು ಅವರಿಗೆ ಕ್ಷಮೆ ಕೇಳಿರಲಿಲ್ಲ, ಅವರ ಹೆಸರು ಪಟ್ಟಿಯಲ್ಲಿದ್ದುದರಿಂದ ಚಿತ್ರ ಹೋಗಿತ್ತು ಅಷ್ಟೆ. ಅವರೂ ಹಾಗೆಯೇ. ಪಟ್ಟಿಯಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಹೆಸರುಗಳಿದ್ದವು. ಅವುಗಳಲ್ಲಿ ಬಹುಪಾಲು ಜನರಿಗೆ ನಾನು ಯಾವ ಅಪರಾಧವನ್ನೂ ಮಾಡಿರಲಿಲ್ಲ, ಮಾಡುವಷ್ಟು ಪರಿಚಯವೂ ಇರಲಿಲ್ಲ.

ಈಚೆಗೆ ಅಷ್ಟಮಿ ಚತುರ್ದಶಿಗಳಲ್ಲಿ ಫೋನನ್ನು ಸಂಜೆಯ ಊಟ ಮುಗಿಸಿದೊಡನೆ ಆರಿಸಿ ಕಪಾಟಿನಲ್ಲಿಡುತ್ತೇನೆ, ಮರುದಿನ ದೇವದರ್ಶನ ಮಾಡಿ ಬರುವವರೆಗೆ ತೆಗೆಯುವುದಿಲ್ಲ. ಇದನ್ನು ದೇಶವ್ರತವೆಂದೇ ಸಂಕಲ್ಪ ಮಾಡಿ ಇಡುತ್ತೇನೆ. ಸಾಮಾಯಿಕಕ್ಕೆ ಹಳೆಯ ಗೋಡೆ ಗಡಿಯಾರ ಮರಳಿ ಬಂದಿದೆ, ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ದಾಯಾದಿಯವರ ಮನೆಗೆ ಕಳೆದ ಪರ್ವದ ಬಳಿಕ ನಡೆದೇ ಹೋದೆ. ಜಗುಲಿಯ ಮೇಲೆ ಕೂರಿಸಿದರು, ನೀರು ಕೊಟ್ಟರು. ಬದುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಬರುವ ವರ್ಷ ಎತ್ತಬೇಕೆಂದಿದ್ದೇನೆ.