ಟ್ಯಾಂಕಿನ ಮುಚ್ಚಳ ನೋಡಿದಿರಾ?

ಹಿಂಗಾರು ಮಳೆ ಮುಗಿದರೆ ಚೆನ್ನೈನ ಕೀಲ್ಪಾಕಿನ ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಮೊಣಕಾಲೆತ್ತರ ಹುಲ್ಲು. ಕತ್ತಿ ಹಿಡಿದು ಕೂತು ಸವರುವವರು ಈಗೆಲ್ಲಿ? ಹೆಗಲಿಗೆ ಪಟ್ಟಿ ಬಿಗಿದು ಪೆಟ್ರೋಲ್ ಬ್ರಷ್ ಕಟರ್ ತರುವವರೇ ಎಲ್ಲ. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲೂ ಇದೇ ಸದ್ದು. ಹುಲ್ಲು ಹೊಡೆಯುವ ಮಷಿನ್ ಕೊಳ್ಳುವಾಗ ಎಷ್ಟು ಸಿಸಿ ಎಂದು ಕೇಳುತ್ತೇವೆ, ಬ್ಲೇಡ್ ಮುಟ್ಟಿ ನೋಡುತ್ತೇವೆ. ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡುವ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಅಮೆರಿಕದಲ್ಲಿ 2012ರಲ್ಲಿ ಸ್ಟಿಲ್ ಕಂಪನಿ ಬ್ರಷ್ ಕಟರ್ ಸೇರಿ ಸುಮಾರು 23 ಲಕ್ಷ ಯಂತ್ರಗಳನ್ನು ರೀಕಾಲ್ ಮಾಡಿದ್ದು ಆ ಮುಚ್ಚಳಕ್ಕಾಗಿಯೇ. ಬೆರಳಲ್ಲೇ ತಿರುಗಿಸಬಹುದಾದ ಮುಚ್ಚಳವದು. ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಮತ್ತಿತರ ರಾಸಾಯನಿಕಗಳಿಂದ ಅದರ ಆಕಾರ ಕೆಡುತ್ತಿತ್ತು, ಸರಿಯಾಗಿ ಕೂರುತ್ತಿರಲಿಲ್ಲ, ಇಂಧನ ಚೆಲ್ಲುತ್ತಿತ್ತು. ಟ್ಯಾಂಕಿನ ಪಕ್ಕದಲ್ಲೇ ಕಾದು ಕೆಂಡವಾಗುವ ಸೈಲೆನ್ಸರ್ ಇರುವಾಗ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ದೂರದ ದೇಶದ ಹಳೆಯ ಸುದ್ದಿ ಎನ್ನಬೇಡಿ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಕಾರು, ಬೈಕಿನ ಮೈಲೇಜ್ ಬಗ್ಗೆ ದೊಡ್ಡ ಗಲಾಟೆಯಾಯಿತು. ಮೂಲೆಯಲ್ಲಿ ನಿಂತ ಟೂ ಸ್ಟ್ರೋಕ್ ಹುಲ್ಲಿನ ಮಷಿನ್ನಿನ ಪೆಟ್ರೋಲ್ ಪೈಪಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಎಥೆನಾಲ್ ನೀರು ಹೀರುತ್ತದೆ, ಅದಕ್ಕೆ ಒಗ್ಗದ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಚೆನ್ನೈನ ಸೆಕೆಯಲ್ಲಿ ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿಟ್ಟರೆ ಕೇಳಬೇಕೇ?

ನಮ್ಮಲ್ಲಿ ಕಾನೂನಿಲ್ಲ ಎಂದಲ್ಲ. ವಾಹನಗಳ ರೀಕಾಲಿಗೆ ಮೋಟಾರು ವಾಹನ ಕಾಯ್ದೆಯ 110ಎ ಕಲಮು ಇದೆ. ಉಳಿದ ಸರಕಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ: ಅಪಾಯಕಾರಿ ಮಾಲು ವಾಪಸು ತರಿಸಿ ಹಣ ಹಿಂದಿರುಗಿಸುವಂತೆ ಆದೇಶಿಸುವ ಅಧಿಕಾರ ಅದರ 20ನೇ ಕಲಮಿನಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಆದರೆ ಆದೇಶ ಯಾರಿಗೆ ತಲುಪಬೇಕು? ಕಾರಿಗಾದರೆ ಆರ್‌ಸಿ ಇದೆ, ವಿಳಾಸ ಇದೆ. ಹುಲ್ಲಿನ ಮಷಿನ್ನಿಗೆ? ಬಿಲ್ಲಿಲ್ಲದೆ ಕೊಂಡದ್ದು, ಕೈ ಬದಲಾಯಿಸಿದ್ದು, ಬಾಡಿಗೆಗೆ ಬಂದದ್ದು. ಮಾಲೀಕನೊಬ್ಬ, ಓಡಿಸುವವನೊಬ್ಬ. ಚೆಲ್ಲಿದ ಪೆಟ್ರೋಲಿನಿಂದ ಬೇಯುವುದು ಮಾತ್ರ ಓಡಿಸುವವನ ಮೈ. ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಸುಟ್ಟಗಾಯದ ವಾರ್ಡು ಈ ಊರಿನವರಿಗೆ ಹೊಸದಲ್ಲ.

ಹಾಗಾಗಿ ಬ್ಲೇಡಿನ ಹರಿತಕ್ಕಿಂತ ಮುಚ್ಚಳದ ವಾಷರ್ ಮುಖ್ಯ ಎನ್ನುವ ಪಂಗಡ ನನ್ನದು. ಎಂಜಿನ್ ಆರಿದ ಮೇಲಷ್ಟೇ ಪೆಟ್ರೋಲ್ ಹಾಕಿ. ಹಾಕಿದ ಜಾಗದಲ್ಲೇ ಸ್ಟಾರ್ಟ್ ಮಾಡದೆ ನಾಲ್ಕು ಹೆಜ್ಜೆ ಆಚೆ ಹೋಗಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಪೈಪ್ ಬೆರಳಿಗೆ ಅಂಟಿದರೆ ಬದಲಿಸಿ, ಅದಕ್ಕೇನೂ ದೊಡ್ಡ ಖರ್ಚಿಲ್ಲ. ಹಾಂ, ಯಂತ್ರದ ಸೀರಿಯಲ್ ನಂಬರಿನ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಹೊಸ ಮಷಿನ್ನೇ ಸೋರುತ್ತಿದ್ದು ಅಂಗಡಿಯವನು ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು.