ಮೂರ್ತಿಯವರ ಬೆಳಕು ಯಾರ ಕಣ್ಣಿನದು?

ದೊಡ್ಡ ಸಿನಿಮಾಕ್ಕೆ ಕಥೆ ಮುಖ್ಯವೋ ದೃಶ್ಯವೋ ಎಂಬ ಜಗಳ ಎದ್ದಾಗ ದೃಶ್ಯದ ಪಕ್ಷದವರು ಎಳೆದು ತರುವ ಸಾಕ್ಷಿಗಳಲ್ಲಿ ‘ಕಾಗಜ್ ಕೆ ಫೂಲ್’ (1959) ಇದ್ದೇ ಇರುತ್ತದೆ. ಸಾಕ್ಷಿ ಗಟ್ಟಿಯೇ. ಖಾಲಿ ಸ್ಟುಡಿಯೊ, ಮೇಲಿನಿಂದ ಓರೆಯಾಗಿ ಇಳಿದ ಬೆಳಕಿನ ಕೋಲು, ಅದರಲ್ಲಿ ತೇಲುವ ಧೂಳು. ಗುರುದತ್, ವಹೀದಾ ರೆಹಮಾನ್ ನಿಂತಲ್ಲೇ ನಿಂತಿರುತ್ತಾರೆ. ಅವರ ನೆರಳಿನಂಥ ರೂಪಗಳು ಮೈಬಿಟ್ಟು ಹೊರಟು ಬೆಳಕಿನಲ್ಲಿ ಕೂಡುತ್ತವೆ. ಹಾಡುವುದು ಗೀತಾ ದತ್. ಪಾತ್ರಗಳು ತುಟಿ ಬಿಚ್ಚುವುದಿಲ್ಲ. ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಆ ಬೆಳಕನ್ನು ದೀಪದಿಂದ ಹುಟ್ಟಿಸಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ದಾಟಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು.

ಚಿತ್ರ ಸೋತಿತು. ಗಲ್ಲಾಪೆಟ್ಟಿಗೆಯ ಸೋಲನ್ನು ನಾನು ಲೆಕ್ಕಕ್ಕೆ ಹಿಡಿಯುವವನಲ್ಲ. ಹಿಡಿದರೆ ನನ್ನ ಮೆಚ್ಚಿನ ಚಿತ್ರಗಳ ಪಟ್ಟಿಯೇ ಉಳಿಯದು. ನನ್ನ ತಕರಾರು ಬೇರೆ. ನಾಯಕನ ಮಾವನ ಮನೆಯ ಪ್ರಸಂಗಗಳು, ಜಾನಿ ವಾಕರ್ ಬಂದುಹೋಗುವ ಹಾಸ್ಯದ ಕವಲು, ಇಲ್ಲೆಲ್ಲ ಮೂರ್ತಿಯವರ ಬೆಳಕಿಗೆ ಕೆಲಸವೇ ಇಲ್ಲ. ನಾಯಕ ಅಷ್ಟು ಕುಸಿಯುವುದೇಕೆ ಎಂಬುದನ್ನು ಚಿತ್ರಕಥೆ ಅರ್ಧಕ್ಕೇ ಬಿಡುತ್ತದೆ. ಆ ಕೊರತೆಯನ್ನು ಬೆಳಕು ಮುಚ್ಚಿಕೊಂಡು ಹೋಗುತ್ತದೆ, ಅಷ್ಟೆ.

ಇದೇ ಬಳಗ ಮೂರು ವರ್ಷದ ಬಳಿಕ ಮಾಡಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ನೋಡಿ. ಮೂಲ ಬಿಮಲ್ ಮಿತ್ರರ ಬಂಗಾಳಿ ಕಾದಂಬರಿ, ನಿರ್ದೇಶಕರೆಂದು ಅಬ್ರಾರ್ ಅಲ್ವಿಯವರ ಹೆಸರು, ಕ್ಯಾಮೆರಾ ಮತ್ತೆ ಮೂರ್ತಿಯವರದೇ. ಹಳ್ಳಿಯಿಂದ ಕಲ್ಕತ್ತೆಗೆ ಬಂದ ಭೂತನಾಥ ಜಮೀನ್ದಾರರ ಮನೆಯ ಕಿರಿಸೊಸೆಯನ್ನು ಮೊದಲ ಸಲ ಕಾಣಬೇಕು. ಮುಖ ನೋಡುವ ಧೈರ್ಯವಿಲ್ಲ. ತಲೆ ತಗ್ಗಿಸಿಯೇ ಒಳಗೆ ಬರುತ್ತಾನೆ. ಕ್ಯಾಮೆರಾವೂ ತಲೆ ತಗ್ಗಿಸುತ್ತದೆ. ನಮಗೆ ಕಾಣುವುದು ಹಾಸುಗಂಬಳಿ, ಆಮೇಲೆ ಅವಳ ಪಾದ. ದನಿ ಮಾತ್ರ ಕೇಳುತ್ತದೆ. ಅವನು ಕಣ್ಣೆತ್ತಿದಾಗಲೇ ಮೀನಾಕುಮಾರಿಯ ಮುಖ ನಮಗೂ ದಕ್ಕುವುದು.

ಇಲ್ಲಿ ಚಮತ್ಕಾರವೇನೂ ಇಲ್ಲ. ಆದರೆ ಈ ದೃಶ್ಯದಿಂದ ಕಥೆಯನ್ನು ಬಿಡಿಸಿ ತೆಗೆಯಲು ಆಗದು. ಭೂತನಾಥನ ಅಳುಕೇ ಇಲ್ಲಿ ಕ್ಯಾಮೆರಾದ ನಡಿಗೆ. ನಾನು ಕಥೆ ಎನ್ನುವುದು ಇದನ್ನು. ಯಾರ ಕಣ್ಣಿಗೆ ಏನು, ಯಾವಾಗ ಕಾಣಬೇಕು ಎಂಬ ತೀರ್ಮಾನವನ್ನು. ಘಟನೆಗಳ ಸರಪಳಿಯನ್ನಂತೂ ಅಲ್ಲ. ಈ ತೀರ್ಮಾನವಿಲ್ಲದೆ ಎಷ್ಟು ಚೆಂದದ ಬೆಳಕೂ ಅಲಂಕಾರವಾಗುತ್ತದೆ. ಸ್ಟುಡಿಯೊದ ಆ ಹಾಡಿನಲ್ಲಿ ತೀರ್ಮಾನವಿದೆ. ಸುತ್ತಲಿನ ಚಿತ್ರದಲ್ಲಿ ಎಲ್ಲ ಕಡೆ ಇಲ್ಲ.

2008ರ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಅವರ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು ಬೆಳಕಿನ ಕೋಲು. ನನ್ನ ಮತ ಮಾತ್ರ ಆ ತಗ್ಗಿದ ಕ್ಯಾಮೆರಾಕ್ಕೆ.

ಒಪ್ಪದವರು ಎರಡೂ ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿ ಜಗಳಕ್ಕೆ ಬನ್ನಿ. ಫೋನಿನಲ್ಲಿ ಮಾತ್ರ ನೋಡಬೇಡಿ. ‘ಕಾಗಜ್ ಕೆ ಫೂಲ್’ ಅಗಲ ಪರದೆಯ ಸಿನಿಮಾಸ್ಕೋಪ್‌ನಲ್ಲಿ ತೆಗೆದದ್ದು.