ಕಲಿಕೆಗೊಂದು ರೀಲ್ ಕ್ಯಾಮೆರಾ

ರೀಲ್ ಹಾಕಿ ಛಾಯಾಗ್ರಹಣ ಕಲಿಯಬಯಸುವವರಿಗೆ, ಮಸೂರವನ್ನು ಕೈಯಿಂದ ತಿರುಗಿಸಿ ಸ್ಪಷ್ಟತೆ ಹೊಂದಿಸುವ ಹಳೆಯ ಯಂತ್ರಗಳಿಗಿಂತ ಆಟೋಫೋಕಸ್ ಉಳ್ಳ ಹಗುರವಾದ ಎಸ್‌ಎಲ್‌ಆರ್ ಕ್ಯಾಮೆರಾ ಮೇಲು. ಕ್ಯಾನನ್ 1999ರಲ್ಲಿ ಹೊರತಂದ ಇಓಎಸ್ 300 ಅಂಥವುಗಳಲ್ಲಿ ಅತ್ಯಂತ ಹಿತಕರವಾದದ್ದು. 1977ರ ಕೋನಿಕಾ ಸಿ35 ಎಎಫ್ ಸಾಮಾನ್ಯರ ಕೈಗೆ ತಂದ ಆಟೋಫೋಕಸ್ ಸೌಲಭ್ಯ 1985ರ ಮಿನೋಲ್ಟಾ 7000ದಲ್ಲಿ ಎಸ್‌ಎಲ್‌ಆರ್‌ನ ಒಡಲೊಳಗೇ ಸೇರಿತು. ಎಸ್‌ಎಲ್‌ಆರ್ ಎಂದರೆ ಚಿತ್ರ ಮೂಡಿಸುವ ಮಸೂರದ ಮೂಲಕವೇ ನೋಟವನ್ನೂ ತೋರಿಸುವ, ಒಳಗೆ ಕನ್ನಡಿಯುಳ್ಳ ಕ್ಯಾಮೆರಾ.

ಮಸೂರದ ಎರಡು ಬದಿಗಳಿಂದ ಬಂದ ಬೆಳಕು ಮೂಡಿಸುವ ಎರಡು ಬಿಂಬಗಳು ಪರಸ್ಪರ ಎಷ್ಟು ಸರಿದಿವೆಯೆಂದು ಅಳೆದು, ಮಸೂರ ಯಾವ ದಿಕ್ಕಿಗೆ ಎಷ್ಟು ಚಲಿಸಬೇಕೆಂದು ಇಂಥ ಕ್ಯಾಮೆರಾದ ಆಟೋಫೋಕಸ್ ಯಂತ್ರ ನಿರ್ಧರಿಸುತ್ತದೆ. ಆ ಅಳತೆಗೆ ಗೆರೆಯೋ ಅಂಚೋ ಬೆಳಕು-ನೆರಳಿನ ಭೇದವೋ ಬೇಕೇ ಬೇಕು. ಕಿತ್ತೂರು ಕೋಟೆಯ ಪಾಳುಬಿದ್ದ ಅರಮನೆ ಗೋಡೆಗಳು ಈ ಕಾರಣದಿಂದ ಮೊದಲ ರೀಲಿಗೆ ಪ್ರಶಸ್ತವಾದರೆ, ಬೈಲಹೊಂಗಲದ ಸುತ್ತಿನ ಎರೆಹೊಲದ ಮೇಲಿನ ಮೋಡವಿಲ್ಲದ ಆಕಾಶಕ್ಕೆ ಗುರಿಯಿಟ್ಟಾಗ ಮಸೂರ ಹಿಂದೆ ಮುಂದೆ ತಡಕಾಡುತ್ತದೆ. ರಾಮದುರ್ಗದ ಕೈಮಗ್ಗ ಇನ್ನೂ ಕಠಿಣ ಪರೀಕ್ಷೆ: ಬಿಗಿದ ಹಾಸಿನ ಎಳೆಗಳು ಒಂದೇ ಬಗೆಯಾಗಿ ಮರುಕಳಿಸುವುದರಿಂದ ಯಂತ್ರ ಒಂದು ಎಳೆಯನ್ನು ಇನ್ನೊಂದೆಂದು ಎಣಿಸಬಹುದು, ಲಾಳಿಯ ಮೇಲೋ ನೇಯ್ದ ಬಟ್ಟೆಯ ಅಂಚಿನ ಮೇಲೋ ಗುರಿಯಿಡುವುದು ಸರಿ.

ಸ್ಪಷ್ಟತೆಯನ್ನು ಯಂತ್ರ ಹೊಂದಿಸಿದರೂ ಯಾವುದು ಸ್ಪಷ್ಟವಾಗಬೇಕೆಂಬ ಆಯ್ಕೆ ಮನುಷ್ಯನದೇ ಎಂಬುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಜಾತ್ರೆಯಂದು ಚೆನ್ನಾಗಿ ಮನದಟ್ಟಾಗುತ್ತದೆ. ಇಓಎಸ್ 300ರ ಏಳು ಫೋಕಸ್ ಬಿಂದುಗಳನ್ನು ಅದರ ಇಷ್ಟಕ್ಕೇ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರದ ವಸ್ತುವನ್ನೇ ಹಿಡಿಯುವುದರಿಂದ, ಭಂಡಾರ ಬಳಿದುಕೊಂಡ ಮುಖದ ಬದಲು ಮುಂದೆ ನಿಂತವರ ಎತ್ತಿದ ಕೈ ಸ್ಪಷ್ಟವಾಗಿ ಮೂಡುತ್ತದೆ. ನಡುವಿನ ಬಿಂದುವೊಂದನ್ನೇ ಆರಿಸಿ, ಮುಖದ ಮೇಲಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಆಮೇಲೆ ಚೌಕಟ್ಟನ್ನು ಸರಿಪಡಿಸಿಕೊಳ್ಳುವ ಅಭ್ಯಾಸವನ್ನು ಆರಂಭದಲ್ಲೇ ರೂಢಿಸಿಕೊಳ್ಳಬೇಕು. ರೀಲ್ ತೊಳೆಸುವವರೆಗೆ ತಪ್ಪು ಕಾಣದಿರುವುದರಿಂದ ಈ ಎಚ್ಚರಕ್ಕೆ ಇಲ್ಲಿ ಬೆಲೆ ಹೆಚ್ಚು.

ಜಾತ್ರೆಯ ನೂಕುನುಗ್ಗಲಿಗೆ ಒಗ್ಗುವ ಇನ್ನೊಂದು ಗುಣವೂ ಈ ಕ್ಯಾಮೆರಾಕ್ಕಿದೆ. ರೀಲ್ ಹಾಕಿದೊಡನೆ ಅದನ್ನೆಲ್ಲ ಹೊರಗೆಳೆದುಕೊಂಡು, ತೆಗೆದ ಒಂದೊಂದು ಚಿತ್ರವನ್ನೂ ಮತ್ತೆ ಡಬ್ಬಿಯೊಳಕ್ಕೆ ಸೇರಿಸುತ್ತ ಹೋಗುವುದರಿಂದ, ಹಿಂಬಾಗಿಲು ಅಕಸ್ಮಾತ್ ತೆರೆದರೂ ತೆಗೆದ ಚಿತ್ರಗಳು ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಕ್ಯಾಮೆರಾದ ಒಡಲಿಗೆ ಸಿಆರ್2 ಎಂಬ ಎರಡು ಲಿಥಿಯಂ ಸೆಲ್ಲುಗಳೇ ಬೇಕು, ಪೆನ್ಸಿಲ್ ಸೆಲ್ ಅದರೊಳಗೆ ಕೂರದು. ಗುಡ್ಡ ಹತ್ತುವ ಮೊದಲೇ ಒಂದು ಜೊತೆ ಹೆಚ್ಚುವರಿ ಸೆಲ್ಲನ್ನು ಚೀಲದಲ್ಲಿ ಇಟ್ಟುಕೊಳ್ಳತಕ್ಕದ್ದು.